ಹೊಗೆಯಲ್ಲಿ ಐದು ಜನ

ಹೊರಡುವ ಮುಂಚೆ

ಥಾಯ್ಲೆಂಡಿಗೆ ಹೋಗುತ್ತೇನೆ ಎಂದಾಗ ಭದ್ರಾವತಿಯ ನಮ್ಮ ಬೀದಿಯ ಗಂಡಸರು ಒಂದು ಥರ ನಕ್ಕರು, ಹೆಂಗಸರು ಇನ್ನೊಂದು ಥರ ನೋಡಿದರು. ಅರವತ್ತು ದಾಟಿದ, ಗಂಡ ತೀರಿಕೊಂಡು ಒಂದೂವರೆ ವರ್ಷವಾದ, ಅಂಚೆ ಕಚೇರಿಯ ಕೌಂಟರಿನಲ್ಲಿ ಆಯುಷ್ಯ ಕಳೆದು ನಿವೃತ್ತಳಾದ ಹೆಂಗಸಿಗೆ ಅಲ್ಲಿ ಏನು ಕೆಲಸ ಎಂಬುದು ಅವರ ಪ್ರಶ್ನೆ. ಬೆಟ್ಟ ಹತ್ತಲಿಕ್ಕೆ ಎಂದೆ. ಬೆಟ್ಟ ಇಲ್ಲೇ ಬೇಕಾದಷ್ಟಿವೆಯಲ್ಲ ಎಂದರು.

ನಮ್ಮದು ಮೊದಲು ಆರು ಜನರ ಗುಂಪು, ಮೂರು ಜೋಡಿ. ನಮ್ಮವರು, ರಾಘಣ್ಣ ಮತ್ತು ಜಯಣ್ಣ ಭದ್ರಾವತಿಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಮೇಲೆ ನಮ್ಮವರು ಕಬ್ಬಿಣದ ಕಾರ್ಖಾನೆ ಸೇರಿದರು, ರಾಘಣ್ಣ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಪ್ಪನ ದಿನಸಿ ಅಂಗಡಿ ನೋಡಿಕೊಂಡರು, ಜಯಣ್ಣ ಶಿವಮೊಗ್ಗದಲ್ಲೇ ಮೇಷ್ಟ್ರಾದರು. ವರ್ಷಕ್ಕೆರಡು ಸಲ ಜೀಪು ಮಾಡಿಕೊಂಡು ಯಾವುದಾದರೂ ಬೆಟ್ಟಕ್ಕೆ ಹೋಗುವುದು ಮೂವರೂ ಬಿಡದೆ ಇಟ್ಟುಕೊಂಡಿದ್ದ ಚಟ. ಮದುವೆಯಾದ ಮೇಲೆ ಹೆಂಡತಿಯರು ಸೇರಿಕೊಂಡೆವು: ರಾಘಣ್ಣನ ಹೆಂಡತಿ ಸುಭದ್ರ, ಜಯಣ್ಣನ ಹೆಂಡತಿ ಪ್ರೇಮ, ನಾನು. ಕುಂದಾದ್ರಿಯನ್ನಂತೂ ಎಷ್ಟು ಸಲ ಹತ್ತಿದ್ದೇವೋ ಲೆಕ್ಕವಿಲ್ಲ.

ಅಂದರೆ ನಾವು ಹೆಂಗಸರು ಗೆಳತಿಯರಾದದ್ದು ಗಂಡಂದಿರು ಗೆಳೆಯರಾಗಿದ್ದರಿಂದ. ನಮ್ಮವರು ಹೋದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕೊರೆಯುತ್ತಿತ್ತು. ಈ ನಾಲ್ವರಿಗೆ ಈಗ ನಾನು ಯಾರು? ತೀರಿಹೋದ ಸ್ನೇಹಿತನ ಹೆಂಡತಿಯೋ, ಅಥವಾ ನನ್ನ ಪಾಡಿಗೆ ನಾನೂ ಒಬ್ಬ ಸ್ನೇಹಿತೆಯೋ? ಸುಭದ್ರ ಫೋನು ಮಾಡಿ, ನೀನು ಬರದಿದ್ದರೆ ನಾವೂ ಹೋಗುವುದಿಲ್ಲ ಎಂದಳು. ಅದು ಪ್ರೀತಿಯೋ ಮರ್ಯಾದೆಗೆ ಹೇಳಿದ್ದೋ ತಿಳಿಯಲಿಲ್ಲ. ಅದನ್ನು ತಿಳಿದುಕೊಳ್ಳಲಿಕ್ಕೇ ಪಾಸ್‌ಪೋರ್ಟ್ ಮಾಡಿಸಿದೆ ಎಂದರೂ ಸುಳ್ಳಲ್ಲ.

ಊರು ಆರಿಸಿದವರು ಜಯಣ್ಣ. ಥಾಯ್ಲೆಂಡಿನ ಉತ್ತರಕ್ಕೆ ಚಿಯಾಂಗ್ ಮಾಯ್ ಎಂಬ ಊರಿದೆ, ಸುತ್ತ ಬೆಟ್ಟ, ಮಾರ್ಚ್ ತಿಂಗಳಲ್ಲಿ ರಶ್ಶೇ ಇರುವುದಿಲ್ಲ ಎಂದು ಏಜೆಂಟ್ ಹೇಳಿದ್ದನಂತೆ. ಯಾಕೆ ರಶ್ ಇರುವುದಿಲ್ಲ ಎಂದು ಅವನನ್ನು ಕೇಳುವುದು ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಚಿಯಾಂಗ್ ಮಾಯ್

ವಿಮಾನ ಇಳಿಯುವಾಗ ಕೆಳಗೆ ಊರು ಕಾಣಲಿಲ್ಲ. ಮೋಡ ಎಂದುಕೊಂಡೆವು. ಬಾಗಿಲು ತೆರೆದ ಮೇಲೆ ಮೂಗಿಗೆ ಬಡಿದ ವಾಸನೆಯಿಂದ ಅದು ಮೋಡವಲ್ಲ ಎಂದು ಗೊತ್ತಾಯಿತು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಗೈಡ್ ಮಾಸ್ಕ್ ಹಾಕಿಕೊಂಡು ಕೈಮುಗಿದು ನಿಂತಿದ್ದ. ಐವತ್ತರ ಆಸುಪಾಸಿನ, ಆರಡಿಯ ಆಳು. ಹೆಸರು ಲೆಕ್. ಅವರ ಭಾಷೆಯಲ್ಲಿ ಲೆಕ್ ಎಂದರೆ ಚಿಕ್ಕವನು. ಹುಟ್ಟಿದಾಗ ಚಿಕ್ಕದಾಗಿದ್ದೆ, ಅಮ್ಮ ಹಾಗೆ ಕರೆದಳು, ಅದೇ ಉಳಿಯಿತು ಎಂದ. ಅಲ್ಲಿ ಎಲ್ಲರಿಗೂ ಇಂಥದೊಂದು ಅಡ್ಡಹೆಸರು ಇರುತ್ತದಂತೆ, ನಿಜವಾದ ಹೆಸರು ಕಚೇರಿಯ ಕಾಗದಕ್ಕೆ ಮಾತ್ರ. ನಮ್ಮ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೂ ಹಾಗೇ ಇತ್ತು. ಗುಂಡ, ಪುಟ್ಟ, ಕುಟ್ಟಿ ಎಂದು ಕರೆಸಿಕೊಂಡವರ ಅಸಲು ಹೆಸರು ನಮಗೆ ಗೊತ್ತಾಗುತ್ತಿದ್ದದ್ದು ಮದುವೆ ಕಾಗದದಲ್ಲಿ.

ಈ ತಿಂಗಳುಗಳಲ್ಲಿ ಪ್ರತಿ ವರ್ಷ ಹೀಗೇ ಎಂದು ಲೆಕ್ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಜೋಳದ ಹೊಲಗಳಿಗೆ ಬೆಂಕಿ ಹಾಕುತ್ತಾರೆ, ಕಾಡಿನ ಒಣಎಲೆಗೂ ಬೆಂಕಿ ಬೀಳುತ್ತದೆ, ಸುತ್ತ ಬೆಟ್ಟವಿರುವುದರಿಂದ ಹೊಗೆ ಊರು ಬಿಟ್ಟು ಹೋಗುವುದಿಲ್ಲ. ಹೇಳಿ ನಕ್ಕ. ಅಲ್ಲಿಯವರು ಬೇಸರದ ಸುದ್ದಿಯನ್ನೂ ನಗುತ್ತಲೇ ಹೇಳುತ್ತಾರೆ. ಜಯಣ್ಣನ ಮುಖ ನೋಡುವ ಹಾಗಿರಲಿಲ್ಲ.

ಹೊಗೆ ನನಗೆ ಹೊಸದಲ್ಲ. ನಾನು ಮದುವೆಯಾಗಿ ಬಂದಾಗ ಕಾರ್ಖಾನೆಯ ಚಿಮಣಿ ದಿನವಿಡೀ ಹೊಗೆ ಕಾರುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣವಾಗುತ್ತಿತ್ತು, ಬೈದುಕೊಂಡು ಮತ್ತೆ ಒಗೆಯುತ್ತಿದ್ದೆವು. ಆಮೇಲೊಂದು ಕಾಲ ಬಂತು, ಚಿಮಣಿಯಲ್ಲಿ ಹೊಗೆಯಿಲ್ಲದ ದಿನ ಕಾರ್ಖಾನೆ ಮುಚ್ಚೀತೆಂಬ ಭಯಕ್ಕೆ ಮನೆ ಮನೆಯಲ್ಲೂ ಗಂಡಸರು ಮಾತಾಡದೆ ಊಟ ಮಾಡುತ್ತಿದ್ದರು. ಹೊಗೆ ಕಂಡರೆ ನನಗೆ ಇವತ್ತಿಗೂ ಧೈರ್ಯವೇ ಬರುವುದು. ಅದು ಎಂಥ ಮೂರ್ಖ ಧೈರ್ಯ ಎಂದು ಮುಂದೆ ಹೇಳುತ್ತೇನೆ.

ಹೋಟೆಲಿನಲ್ಲಿ ಮೂರು ಕೋಣೆ. ಅವರಿಬ್ಬರಿಗೊಂದು, ಇವರಿಬ್ಬರಿಗೊಂದು, ನನಗೊಂದು. ನನ್ನ ಕೋಣೆಯಲ್ಲೂ ಎರಡು ಹಾಸಿಗೆ, ಎರಡರ ಮೇಲೂ ಟವಲನ್ನು ಆನೆಯ ಆಕಾರದಲ್ಲಿ ಮಡಿಸಿ ಇಟ್ಟಿದ್ದರು. ಒಂದು ಆನೆಯನ್ನು ಬಿಚ್ಚಿ ಮುಖ ಒರೆಸಿಕೊಂಡೆ. ಇನ್ನೊಂದನ್ನು ಮೂರು ದಿನವೂ ಮುಟ್ಟಲಿಲ್ಲ. ರಾಘಣ್ಣ ಅಲ್ಲಿಯ ಸಿಮ್ ಎರಡು ತಂದಿದ್ದರು, ಮನೆಗೊಂದರಂತೆ. ನಿಮಗೂ ಒಂದು ತರುತ್ತೇನೆ ಎಂದು ಆಮೇಲೆ ನೆನಪು ಮಾಡಿಕೊಂಡು ಹೇಳಿದರು. ಬೇಡ, ನನಗೆ ಯಾರು ಫೋನು ಮಾಡುತ್ತಾರೆ ಎಂದುಬಿಟ್ಟೆ. ಬೇಕು ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಳದಿ ಬಾವುಟ

ಸುಭದ್ರ ಈರುಳ್ಳಿ ಬೆಳ್ಳುಳ್ಳಿ ತಿನ್ನುವವಳಲ್ಲ. ಹೊರಡುವಾಗಲೇ ಅವಲಕ್ಕಿ, ಚಟ್ನಿಪುಡಿ, ಗೊಜ್ಜು ಎಲ್ಲ ಕಟ್ಟಿಕೊಂಡು, ಉಪವಾಸ ಸಾಯುವುದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ಲೆಕ್ ನಮ್ಮನ್ನು ಹಳದಿ ಬಾವುಟ ಕಟ್ಟಿದ ಒಂದು ಅಂಗಡಿಗೆ ಕರೆದುಕೊಂಡು ಹೋದ. ಆ ಬಾವುಟವಿದ್ದ ಕಡೆ ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವಂತೆ, ಬುದ್ಧನ ಭಕ್ತರ ವ್ರತದ ಊಟ. ಸುಭದ್ರ ನಂಬಲಿಲ್ಲ. ಅಡಿಗೆಮನೆಯೊಳಗೇ ಹೋಗಿ ಪಾತ್ರೆ ಪಾತ್ರೆ ಮೂಸಿ ನೋಡಿ ಬಂದಳು. ಅಡಿಗೆಯ ಹೆಂಗಸು ಬೈಯುವುದು ಬಿಟ್ಟು, ಮುಚ್ಚಳ ತೆಗೆದು ತೆಗೆದು ತೋರಿಸಿದಳಂತೆ. ಆಮೇಲೆ ಸುಭದ್ರ ಎರಡು ತಟ್ಟೆ ಉಂಡಳು.

ಅಂಗಡಿಯ ಮುಂದೆ ಕಂಬದ ಮೇಲೊಂದು ಪುಟ್ಟ ಗುಡಿ. ಆ ಜಾಗದ ದೇವತೆಗೆ ಕೆಂಪು ಶರಬತ್ತಿನ ಬಾಟ್ಲಿ ಇಟ್ಟಿದ್ದರು, ಮುಚ್ಚಳ ತೆಗೆದು ಕುಡಿಯುವ ಕೊಳವೆಯನ್ನೂ ಹಾಕಿ. ಸುಭದ್ರ ಅದನ್ನು ಬಹಳ ಹೊತ್ತು ನೋಡಿ, ನಮ್ಮ ದೇವರಿಗೆ ನಾವು ಇಷ್ಟು ಅನುಕೂಲ ಮಾಡಿಕೊಟ್ಟಿಲ್ಲ ನೋಡು ಎಂದಳು. ಇಬ್ಬರೂ ನಕ್ಕೆವು. ನಗುತ್ತ ತಿರುಗಿದರೆ ರಾಘಣ್ಣ ಫೋನು ಹಿಡಿದು ನಿಂತಿದ್ದರು. ಗುಡಿಯ ಮುಂದೆ ನಮ್ಮಿಬ್ಬರದೊಂದು ತೆಗೀರಿ ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ತೆಗೆದೆ. ಜಯಣ್ಣ ಪ್ರೇಮ ಬಂದು ನಿಂತರು. ಅವರದೂ ತೆಗೆದೆ.

ಅವರು ಬೇಕೆಂದು ಮಾಡಿದ್ದಲ್ಲ. ಇಬ್ಬರಿರುವ ಕಡೆ ಮೂರನೆಯವರ ಕೈಗೆ ಫೋನು ಬರುವುದು ಸಹಜ. ನಾವು ಆರು ಜನವಿದ್ದಾಗ ನಮ್ಮವರ ಕೈಗೂ ಬರುತ್ತಿತ್ತು, ಆಮೇಲೆ ಯಾರಾದರೂ ಅದನ್ನು ಕಿತ್ತುಕೊಂಡು ನಮ್ಮಿಬ್ಬರನ್ನು ನಿಲ್ಲಿಸುತ್ತಿದ್ದರು. ಈಗ ಒಬ್ಬಳನ್ನೇ ನಿಲ್ಲಿಸಿ ಫೋಟೋ ತೆಗೆಯಲು ಅವರಿಗೂ ಮುಜುಗರ, ನಿಲ್ಲಲು ನನಗೂ ಮುಜುಗರ. ಆ ಪ್ರವಾಸದ ನೂರಾರು ಫೋಟೋಗಳಲ್ಲಿ ನಾನಿರುವುದು ನಾಲ್ಕರಲ್ಲಿ, ಅದೂ ಲೆಕ್ ತೆಗೆದದ್ದರಲ್ಲಿ.

ಬೆಟ್ಟದ ಬುಡ

ಮೂರನೆಯ ದಿನ ಬೆಟ್ಟ. ದೊಡ್ಡ ಬೆಟ್ಟಗಳ ದಾರಿಯನ್ನೆಲ್ಲ ಬೆಂಕಿಯ ಭಯಕ್ಕೆ ಮುಚ್ಚಿದ್ದರು. ಲೆಕ್‌ನ ಹೆಂಡತಿಯ ಊರಿನ ಹಿಂದೊಂದು ಗುಡ್ಡವಿತ್ತು, ಮೇಲೊಂದು ಗುಡಿ, ಹೋಗಿ ಬರಲು ಅರ್ಧ ದಿನ. ಆ ದಾರಿ ಮಾತ್ರ ತೆರೆದಿತ್ತು. ಬೆಳಿಗ್ಗೆ ಬುಡದಲ್ಲಿ ವ್ಯಾನು ನಿಲ್ಲಿಸಿ ಲೆಕ್ ನಮ್ಮನ್ನು ಕೇಳಿದ. ಇವತ್ತು ಹೊಗೆ ಜಾಸ್ತಿ ಇದೆ, ಬೇಡವಾದರೆ ಬೇರೆ ಕಡೆ ಹೋಗೋಣ, ನನಗೇನೂ ಬೇಸರವಿಲ್ಲ ಎಂದ.

ಪ್ರೇಮ ಬೇಡ ಎನ್ನುವ ಹಾಗೆ ಜಯಣ್ಣನನ್ನು ನೋಡಿದಳು. ರಾಘಣ್ಣ ಸುಭದ್ರಳನ್ನು ನೋಡಿದರು. ನನಗೆ ನೋಡಲು ಯಾರೂ ಇರಲಿಲ್ಲ, ಬೆಟ್ಟ ನೋಡಿದೆ. ಅಲ್ಲಿ ಬೆಟ್ಟವೂ ಇರಲಿಲ್ಲ, ಬರೀ ಬೂದಿ ಬಣ್ಣ. ನಾವು ಭದ್ರಾವತಿಯವರು, ಹೊಗೆ ಕುಡಿದೇ ಬೆಳೆದವರು, ಇದೆಲ್ಲ ಯಾವ ಲೆಕ್ಕ ಎಂದೆ. ಆ ಮಾತು ನಮ್ಮವರದು. ಅವರಿದ್ದಿದ್ದರೆ ಇದನ್ನೇ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನಾನು ಹೇಳಿದಾಗ ಯಾರೂ ನಗಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸತ್ತವನ ಮಾತನ್ನು ತೆಗೆದುಹಾಕುವುದು ಹೇಗೆ?

ಸುಭದ್ರಳಿಗೆ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಬರುವುದು ನನಗೆ ಗೊತ್ತಿತ್ತು. ಆ ಕ್ಷಣ ನೆನಪಾಗಲಿಲ್ಲ. ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಂಡಳು.

ಮೇಲಿನ ಗುಡಿ

ದಾರಿಯುದ್ದಕ್ಕೂ ತೇಗದ ಮರ. ಮುತ್ತುಗದೆಲೆಗಿಂತ ದೊಡ್ಡ ಒಣಎಲೆಗಳು ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಕಣ್ಣು ಮುಚ್ಚಿಕೊಂಡರೆ ನಮ್ಮ ಕಡೆಯ ಆಯನೂರಿನಾಚೆಯ ಕಾಡೇ. ಆದರೆ ಒಂದು ಹಕ್ಕಿಯ ದನಿಯಿಲ್ಲ. ಹತ್ತು ಗಂಟೆಯಾದರೂ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದಿತ್ತು, ಕೆಂಪಗೆ, ಶಾಖವೇ ಇಲ್ಲದಂತೆ. ಎಲ್ಲರಿಗೂ ಏಜೆಂಟ್ ಕೊಟ್ಟ ಒಂದೇ ಬಣ್ಣದ ಟೋಪಿ, ಲೆಕ್ ಕೊಟ್ಟ ಒಂದೇ ಥರದ ಮಾಸ್ಕ್. ಹತ್ತು ಹೆಜ್ಜೆ ದೂರದಲ್ಲಿ ಯಾರು ಯಾರೆಂದು ನಡಿಗೆಯಿಂದ ಗುರುತು ಹಿಡಿಯಬೇಕಿತ್ತು. ರಾಘಣ್ಣ ಸುಭದ್ರಳ ಮೊಳಕೈ ಹಿಡಿದಿದ್ದರು. ಪ್ರೇಮ ಜಯಣ್ಣನ ಬ್ಯಾಗಿನ ಪಟ್ಟಿ ಹಿಡಿದಿದ್ದಳು. ನಾನು ಒಂದು ಕೋಲು ಆರಿಸಿಕೊಂಡೆ.

ಗುಡಿ ಸಣ್ಣದು, ಸುಣ್ಣ ಬಳಿದ ಒಂದು ಗೋಪುರ. ಕೆಳಗಿನ ಕಣಿವೆಯ ನೋಟ ಬಹಳ ಚೆನ್ನಾಗಿರುತ್ತದೆ ಎಂದು ಲೆಕ್ ಕೈ ತೋರಿಸಿದ ಕಡೆಗೆಲ್ಲ ನೋಡಿದೆವು, ಏನೂ ಕಾಣಲಿಲ್ಲ. ಅವನ ಸೊಂಟದ ವಾಕಿಟಾಕಿ ಗೊರಗುಟ್ಟುತ್ತಲೇ ಇತ್ತು.

ಈಗ ನಾಚಿಕೆ ಬಿಟ್ಟು ಹೇಳಬೇಕಾದ ಮಾತು. ಬೆಟ್ಟ ಹತ್ತುವ ಹೆಂಗಸರಿಗೆ ಪೊದೆಯ ಮರೆಗೆ ಹೋಗಬೇಕಾದ ಸಂದರ್ಭ ಬಂದೇ ಬರುತ್ತದೆ. ಮೂವತ್ತು ವರ್ಷ ನನಗೆ ಅದಕ್ಕೊಬ್ಬ ಕಾವಲುಗಾರನಿದ್ದ. ನಮ್ಮವರು ಹತ್ತು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಯಾರಾದರೂ ಬಂದರೆ ಜೋರಾಗಿ ಕೆಮ್ಮುತ್ತಿದ್ದರು. ಸುಭದ್ರಳಿಗೆ ಹೇಳಿದ್ದರೆ ಬರುತ್ತಿದ್ದಳು. ಆದರೆ ಅವಳು ಗಂಡನ ಭುಜಕ್ಕೆ ಒರಗಿ ಕೂತಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ಗೋಪುರದ ಹಿಂದಿನ ಇಳಿಜಾರಿಗೆ ಹೋದೆ. ಅಲ್ಲಿ ಕೂತಿರುವಾಗಲೇ ಅಳು ಬಂತು. ಇಂಥ ಜಾಗದಲ್ಲಿ, ಇಂಥ ಕಾರಣಕ್ಕೆ ಗಂಡ ನೆನಪಾಗಿ ಅತ್ತವಳು ನಾನೊಬ್ಬಳೇ ಇರಬೇಕು. ಕಣ್ಣು ಒರೆಸಿಕೊಂಡು, ಮಾಸ್ಕ್ ಸರಿ ಮಾಡಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮೇಲೆ ಬಂದೆ.

ಗುಡಿಯ ಮುಂದೆ ಯಾರೂ ಇರಲಿಲ್ಲ.

ಬೆಂಕಿ ರೇಖೆ

ಮೊದಲು ಸಿಟ್ಟು ಬಂತು. ಇಳಿಯುವ ದಾರಿ ಹಿಡಿದು ಬೇಗ ಬೇಗ ನಡೆದೆ. ಒಂದು ಕಡೆ ದಾರಿ ಎರಡಾಯಿತು. ಹತ್ತುವಾಗ ಎರಡು ದಾರಿ ನೋಡಿದ ನೆನಪೇ ಇರಲಿಲ್ಲ. ಎಲೆ ಹೆಚ್ಚು ಪುಡಿಯಾಗಿದ್ದ ದಾರಿ ಹಿಡಿದೆ, ಅದು ತಪ್ಪಾಯಿತು. ಕೂಗಿದೆ. ಸುಭದ್ರ ಎಂದು ಎರಡು ಸಲ, ರಾಘಣ್ಣ ಎಂದು ಒಂದು ಸಲ. ಮೂರನೆಯ ಸಲ ಬಾಯಿಗೆ ಬಂದದ್ದು ನಮ್ಮವರ ಹೆಸರು. ಅವರಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ ನಾನು. ಕೂಗಿ ನನಗೇ ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡೆ. ಗಂಟಲು ಉರಿಯುತ್ತಿತ್ತು, ಮತ್ತೆ ಕೂಗಲಿಲ್ಲ.

ಆಮೇಲೆ ಸಿಟ್ಟೂ ಇಳಿಯಿತು. ನಡೆಯುತ್ತ ನಡೆಯುತ್ತ ಮನಸ್ಸಿನಲ್ಲಿ ಒಂದೇ ಲೆಕ್ಕ. ಇವರು ನಾನು ಅವರ ಜೊತೆ ಇದ್ದೇನೆ ಎಂದುಕೊಂಡಿರುತ್ತಾರೆ, ಅವರು ನಾನು ಇವರ ಜೊತೆ ಇದ್ದೇನೆ ಎಂದುಕೊಂಡಿರುತ್ತಾರೆ. ಇವರಿಗೆ ನಾನು ಯಾರು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಿಸಿತು. ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ, ಅದೇ ಹೆಚ್ಚು ನೋವಾಯಿತು.

ಹೊಗೆಯೊಳಗೆ ಜನರ ದನಿ ಕೇಳಿಸಿತು. ಎಂಟು ಹತ್ತು ಜನ, ಊರಿನವರೇ. ಉದ್ದಕ್ಕೆ ಒಂದು ಬೈತಲೆಯ ಹಾಗೆ ಕಾಡಿನ ನೆಲದ ಎಲೆಗಳನ್ನೆಲ್ಲ ಗೋರಿ ಮಣ್ಣು ಕಾಣಿಸಿದ್ದರು, ಬೆಂಕಿ ಬಂದರೆ ಅಲ್ಲೇ ನಿಲ್ಲಲಿ ಎಂದು. ಬೇಸಿಗೆಗೆ ನಮ್ಮ ಅರಣ್ಯ ಇಲಾಖೆಯವರೂ ಹೀಗೆ ಬೆಂಕಿ ರೇಖೆ ಮಾಡುತ್ತಾರೆ. ಇಲ್ಲಿ ಹೆಂಗಸರೂ ಇದ್ದರು. ಹುಲ್ಲಿನ ಟೋಪಿಯ ಕೆಳಗೆ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡ ಒಬ್ಬಳು, ನನ್ನದೇ ವಯಸ್ಸಿನವಳು, ಗೋರುವ ಕೋಲನ್ನು ಕೆಳಗಿಟ್ಟು ಓಡಿ ಬಂದು ನನ್ನ ತೋಳು ಹಿಡಿದಳು. ಏನೇನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ಆಗ ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಹಿಂದಿನ ದಾರಿಯನ್ನು ನೋಡಿ, ಒಂದು, ಎರಡು, ಮೂರು ಎಂದು ಬೆರಳುಗಳನ್ನು ಬಿಡಿಸಿ, ಎಷ್ಟು ಎನ್ನುವಂತೆ ಕೈ ತಿರುಗಿಸಿದಳು. ಇದು ಯಾವ ದೇಶದಲ್ಲಾದರೂ ಅರ್ಥವಾಗುವ ಪ್ರಶ್ನೆ. ಎಷ್ಟು ಜನ ಬಂದಿದ್ದೀರಿ?

ನಾನು ಒಂದು ಬೆರಳು ತೋರಿಸಿದೆ.

ಗಾಬರಿಯಲ್ಲಿ ತೋರಿಸಿದ್ದಲ್ಲ. ಐದು ಎಂದು ತೋರಿಸಬೇಕಿತ್ತು ಎನ್ನುವುದು ಬೆರಳು ಎತ್ತುವಾಗಲೇ ಗೊತ್ತಿತ್ತು. ಅವಳು ಖಾತ್ರಿ ಮಾಡಿಕೊಳ್ಳಲು ತಾನೂ ಒಂದು ಬೆರಳು ಎತ್ತಿ ನನ್ನ ಮುಖ ನೋಡಿದಳು. ಹೌದು ಎಂದು ತಲೆಯಾಡಿಸಿದೆ.

ಒಬ್ಬಳೇ ಬಂದ ಪರದೇಶದ ಮುದುಕಿ ಎಂದು ಅವಳಿಗೆ ಕನಿಕರವಾಗಿರಬೇಕು. ಸೋಗೆ ಹೊದಿಸಿದ ಒಂದು ಚಪ್ಪರಕ್ಕೆ ಕರೆದೊಯ್ದು, ನೀರು ಕೊಟ್ಟು, ಒದ್ದೆ ಬಟ್ಟೆಯಿಂದ ನನ್ನ ಕಣ್ಣು ತಾನೇ ಒರೆಸಿದಳು. ಬಿದಿರಿನ ಪುಟ್ಟ ಬುಟ್ಟಿಯಿಂದ ಅಂಟಂಟು ಅನ್ನ ತೆಗೆದು ಉಂಡೆ ಮಾಡಿ ಕೈಗಿತ್ತಳು, ನಾವು ಮಕ್ಕಳಿಗೆ ಕೈತುತ್ತು ಕೊಡುವಂತೆ. ತಿಂದೆ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತು ನನಗೆ ಸುಖವೆನಿಸಿತು. ನಾನು ಯಾರ ಪಾಲಿಗೂ ಹೆಚ್ಚಿನವಳಾಗಿರಲಿಲ್ಲ. ಅವರು ಗೋರುತ್ತಿದ್ದರು, ನಾನು ಕೂತು ನೋಡುತ್ತಿದ್ದೆ. ಒಂದು ಗಂಟೆಗೂ ಮಿಕ್ಕಿ ಹಾಗೆ ಕೂತಿದ್ದೆ.

ಮೊದಲು ಕೇಳಿದ್ದು ಕೆಮ್ಮು. ಅದರ ಹಿಂದೆ ನನ್ನ ಹೆಸರು. ಕೂಗುತ್ತಿದ್ದವಳ ದನಿ ಎಷ್ಟು ಬಿದ್ದುಹೋಗಿತ್ತೆಂದರೆ ಸುಭದ್ರ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆಂಕಿ ರೇಖೆಯ ಮೇಲೆ ಲೆಕ್ ಮುಂದೆ, ಅವಳು ಹಿಂದೆ. ಕೂಗಲು ಅಡ್ಡಿಯಾಗುತ್ತದೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದಳು. ನನ್ನನ್ನು ನೋಡಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಳು. ಎದೆಯೊಳಗೆ ಸಿಳ್ಳೆ ಹೊಡೆದಂತೆ ಉಸಿರು ಎಳೆಯುತ್ತಿದ್ದಳು. ನಾನು ಓಡಿಹೋಗಿ ಬೆನ್ನು ನೀವಿದೆ.

ಹುಲ್ಲಿನ ಟೋಪಿಯ ಹೆಂಗಸು ಲೆಕ್ ಹತ್ತಿರ ಬಂದು ಏನೋ ಹೇಳುತ್ತಿದ್ದಳು. ದನಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಧಾಟಿಯಿತ್ತು. ನನ್ನ ಕಡೆ ನೋಡಿ ಒಂದು ಬೆರಳು ಎತ್ತಿದಳು. ಗುಂಪಿನವಳು ಎಂದು ಗೊತ್ತಿದ್ದರೆ ಆಗಲೇ ಸುದ್ದಿ ಕಳಿಸುತ್ತಿದ್ದೆ ಎನ್ನುತ್ತಿದ್ದಳೋ ಏನೋ. ಅವರ ಹತ್ತಿರವೂ ವಾಕಿಟಾಕಿ ಇತ್ತು. ಲೆಕ್ ನನ್ನನ್ನೊಮ್ಮೆ ನೋಡಿದ. ಆವತ್ತು ಅವನು ನಗಲಿಲ್ಲ. ಸುಭದ್ರ ಬಗ್ಗಿ ಕೆಮ್ಮುತ್ತಲೇ ಇದ್ದಳು, ಆ ಬೆರಳನ್ನು ನೋಡಿರಲಿಕ್ಕಿಲ್ಲ, ಅದೊಂದು ನನಗೆ ಸಮಾಧಾನ.

ಆಸ್ಪತ್ರೆ

ಸಂಜೆ ಊರಿನ ಒಂದು ಆಸ್ಪತ್ರೆಯಲ್ಲಿ ಸುಭದ್ರಳ ಮೂಗಿಗೆ ಆವಿಯ ಔಷಧಿಯ ಕೊಳವೆ ಹಾಕಿ ಮಲಗಿಸಿದ್ದರು. ಹೊರಗೆ ಬೆಂಚಿನ ಮೇಲೆ ರಾಘಣ್ಣ ತಲೆ ತಗ್ಗಿಸಿ ಕೂತಿದ್ದರು. ಬಜಾರಿನಲ್ಲಿ ಹಮಾಲರ ಮೇಲೆ ಗುಡುಗುವ ಮನುಷ್ಯ, ಆವತ್ತು ದನಿಯೇ ಇರಲಿಲ್ಲ.

"ವಿಮಲಮ್ಮ, ನಾನು ಎಣಿಸ್ದೆ" ಎಂದರು. "ಐದು ಬಂತು. ನನ್ನ ಕೈಯಾರೆ ಎಣಿಸಿದ್ದು."

ಆದದ್ದು ಹೀಗೆ. ಪಕ್ಕದ ಇಳಿಜಾರಿಗೆ ಬೆಂಕಿ ದಾಟಿದೆ ಎಂದು ವಾಕಿಟಾಕಿಯಲ್ಲಿ ಸುದ್ದಿ ಬಂದು, ಲೆಕ್ ಕೂಡಲೇ ಇಳಿಯಬೇಕು, ಎಲ್ಲರೂ ಇದ್ದಾರಾ ನೋಡಿ ಎಂದನಂತೆ. ರಾಘಣ್ಣನ ಅಂಗಡಿಯಲ್ಲಿ ಅವರ ಅಪ್ಪನ ಕಾಲದಿಂದ ಎಣಿಕೆಗೆ ಒಂದು ಕ್ರಮವಿದೆ. ಅಕ್ಕಿ ಅಳೆಯಲಿ, ಮೂಟೆ ಇಳಿಸಲಿ, ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತಾರೆ. ಲಾಭ, ಎರಡು, ಮೂರು. ಏಳು ಎಂದೂ ಅನ್ನುವುದಿಲ್ಲ, ಎದ್ದು ಹೋಗು ಎಂದ ಹಾಗಾಗುತ್ತದೆ ಎಂದು ಅದಕ್ಕೆ ಮತ್ತೊಂದು ಎನ್ನುತ್ತಾರೆ. ಬೆಟ್ಟಗಳಲ್ಲೂ ಅವರು ನಮ್ಮನ್ನು ಹೀಗೇ ಎಣಿಸುತ್ತಿದ್ದರು. ಹೊರಗಿನವನ ತಲೆಯಿಂದ ಶುರು ಮಾಡುವುದು ಶುಭವೆಂದು ಮೊದಲು ಜೀಪಿನ ಡ್ರೈವರನ ಭುಜ ತಟ್ಟಿ ಲಾಭ ಎಂದು, ಆಮೇಲೆ ನಾವು ಆರು ಜನ. ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ ನಮ್ಮವರ ಹತ್ತಿರ ಬಂದು ಮತ್ತೊಂದು ಎಂದರೆ ಲೆಕ್ಕ ಮುಗಿಯುತ್ತಿತ್ತು.

ಆವತ್ತು ಹೊಗೆಯಲ್ಲಿ ಲೆಕ್‌ನ ಭುಜ ತಟ್ಟಿ ಲಾಭ ಎಂದರು. ಪ್ರೇಮ, ಜಯಣ್ಣ, ಸುಭದ್ರ, ತಾವು. ಐದು. ಊರಿನಿಂದ ಹೊರಟಾಗಿನಿಂದ ಐದು ಜನ, ಐದು ಟಿಕೆಟ್, ಐದು ಊಟ ಎಂದು ಹೇಳಿ ಹೇಳಿ ಬಾಯಿಗೆ ಅಭ್ಯಾಸವಾಗಿದ್ದ ಸಂಖ್ಯೆ. ಹೊರಗಿನವನು ಸೇರಿ ಆರು ಬರಬೇಕಿತ್ತು ಎನ್ನುವುದು ಹೊಳೆಯಲಿಲ್ಲ. ವ್ಯಾನು ಹತ್ತುವಾಗ ಒಂದು ಸೀಟು ಖಾಲಿ ಕಂಡು ಸುಭದ್ರ ಕೇಳಿದರೆ, ಇಲ್ಲ ಐದೂ ಜನ ಇದ್ದೀವಿ ಎಂದು ಮತ್ತೆ ಎಣಿಸಲು ಹೊರಟರಂತೆ. ಎಣಿಸುವುದು ಬಿಡಿ, ಮುಖ ನೋಡಿ ಎಂದಳಂತೆ ಅವಳು. ಲೆಕ್ ಬೇಡವೆಂದರೂ ಕೇಳದೆ ಅವನ ಹಿಂದೆ ಬೆಟ್ಟ ಹತ್ತಿದಳು.

ರಾಘಣ್ಣ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅವನಿಗೆ ಏನಂತ ಮುಖ ತೋರಿಸಲಿ ಎಂದರು. ಅವನು ಎಂದರೆ ನಮ್ಮವರು. ಆಗಲೇ ಹೇಳಬೇಕಿತ್ತು. ನೀವು ಐದು ಎಣಿಸಿದ್ದು ಕೈತಪ್ಪು, ನಾನು ಒಂದು ಎಂದದ್ದು ಬೇಕೆಂದೇ, ಒಂದು ಗಂಟೆ ಮುಂಚೆ ನಾನು ಸರಿಯಾಗಿ ಬೆರಳು ಎತ್ತಿದ್ದರೆ ಸುಭದ್ರ ಒಳಗೆ ಹೀಗೆ ಮಲಗಿರುತ್ತಿರಲಿಲ್ಲ ಎಂದು. ಹೇಳಲಿಲ್ಲ. ಹೋಗಲಿ ಬಿಡಿ ರಾಘಣ್ಣ ಎಂದೆ, ದೊಡ್ಡ ಮನಸ್ಸಿನವಳಂತೆ. ಅವರು ನನ್ನನ್ನು ಬಿಟ್ಟುಬಂದವರು, ನಾನು ಕ್ಷಮಿಸಿದವಳು. ಆ ಜಾಗದಲ್ಲಿ ಕೂತ ಮೇಲೆ ಏಳಲು ಮನಸ್ಸಾಗಲಿಲ್ಲ.

ಶಿವಮೊಗ್ಗ

ಊರಿಗೆ ಬಂದ ಮೇಲೆ ನನ್ನ ದರ್ಬಾರು ಹೇಳತೀರದು. ರಾಘಣ್ಣ ತಿಂಗಳಿಗೊಮ್ಮೆ ಅಂಗಡಿಯ ಆಟೋದಲ್ಲಿ ಬೇಳೆ ಬೆಲ್ಲ ಕಳಿಸತೊಡಗಿದರು, ಬೇಡವೆಂದರೆ ಕೇಳುವುದಿಲ್ಲ. ಜಯಣ್ಣ ಪ್ರೇಮ ಮೊಮ್ಮಗನನ್ನು ತ್ಯಾವರೆಕೊಪ್ಪಕ್ಕೆ ಹುಲಿ ತೋರಿಸಲು ಕರೆದೊಯ್ಯುವಾಗಲೂ ನನ್ನನ್ನು ಕರೆದರು. ಅಲ್ಲಿ ಜಯಣ್ಣ ನನ್ನೊಬ್ಬಳದೇ ಫೋಟೋ ತೆಗೆದರು, ನಾನು ಬೇಡವೆನ್ನುತ್ತಿದ್ದಂತೆಯೇ. ಸುಭದ್ರ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು. ಮಾತಿನ ನಡುವೆ ಅವಳ ಕೆಮ್ಮು ಕೇಳಿಸುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಬರುತ್ತಿದ್ದ ಉಬ್ಬಸ ಈಗ ವರ್ಷವಿಡೀ. ಸೊಂಟಕ್ಕೆ ಸಿಕ್ಕಿಸಿಕೊಂಡ ಚೀಲದಲ್ಲಿ ಬೀಗದ ಕೈ ಜೊತೆ ಇನ್‌ಹೇಲರ್. ನನ್ನನ್ನು ಬಿಟ್ಟುಬಂದ ಋಣ ತೀರಿಸಲು ಇವರೆಲ್ಲ ಹೀಗೆ ಮಾಡುತ್ತಿದ್ದಾರೆ, ನಿಜ ಗೊತ್ತಾದರೆ ಎಲ್ಲ ನಿಲ್ಲುತ್ತದೆ ಎಂದು ನನ್ನ ಎಣಿಕೆ. ಎಲ್ಲರ ನಡುವೆ ಕೂತು ಕಾಫಿ ಕುಡಿಯುವಾಗಲೂ ಆ ಚಪ್ಪರದಲ್ಲಿ ಕೂತಷ್ಟೇ ಒಂಟಿಯಾಗಿರುತ್ತಿದ್ದೆ. ಅಲ್ಲಿ ಸುಖವಾದರೂ ಇತ್ತು.

ಹತ್ತು ತಿಂಗಳಾದ ಮೇಲೆ ಒಂದು ಪತ್ರಿಕೆಯ ವಿಶೇಷ ಸಂಚಿಕೆಗೆ ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ಪರಿಚಯದವರೊಬ್ಬರು ಕೇಳಿದರು. ಬರೆಯಲು ಕೂತರೆ ಹಳದಿ ಬಾವುಟ, ಶರಬತ್ತಿನ ಬಾಟ್ಲಿ ಎಲ್ಲ ಸರಾಗವಾಗಿ ಬಂತು. ಬೆರಳಿನ ಹತ್ತಿರ ಬಂದು ಪೆನ್ನು ನಿಂತಿತು. ಒಂದು ವಾರ ಬಿಟ್ಟು ಅದನ್ನೂ ಬರೆದೆ. ಅಚ್ಚಾಗುವ ಮೊದಲು ಸುಭದ್ರ ಓದಲಿ ಎಂದು ಹಾಳೆಗಳನ್ನು ತೆಗೆದುಕೊಂಡು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಮಧ್ಯಾಹ್ನ, ರಾಘಣ್ಣ ಅಂಗಡಿಯಲ್ಲಿದ್ದರು. ಅವಳು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂತಳು. ನಾನು ಎದುರಿಗೆ, ಇಂಟರ್‌ವ್ಯೂಗೆ ಬಂದವಳಂತೆ.

ಕೊನೆಯ ಹಾಳೆ ಮಗುಚಿಟ್ಟು ಕನ್ನಡಕ ತೆಗೆದಳು.

"ಇದು ನಂಗೆ ಆವತ್ತೇ ಗೊತ್ತಿತ್ತು ಕಣೇ" ಎಂದಳು. "ಕೆಮ್ತಿದ್ದೆ ನಿಜ, ಕಣ್ಣು ಕಾಣಿಸ್ತಿತ್ತಲ್ಲ. ಆ ಹೆಂಗ್ಸು ನಿನ್ನ ನೋಡಿ ಬೆರಳು ಎತ್ತಿದ್ದು ನೋಡ್ದೆ. ವ್ಯಾನಲ್ಲಿ ಲೆಕ್‌ನ ಕೇಳ್ದೆ, ಏನಂದ್ಲು ಅಂತ. ಏನಿಲ್ಲ ಮೇಡಂ ಅಂದು ಮುಖ ತಿರುಗಿಸ್ದ. ಇನ್ನೇನು ಗೊತ್ತಾಗ್ಬೇಕು."

ರಾಘಣ್ಣನಿಗೆ ಹೇಳಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಆ ಮನುಷ್ಯ ಅಂಗಡಿಯಲ್ಲಿ ಎಣಿಸುವುದನ್ನೇ ಬಿಟ್ಟಿದ್ದಾರೆ, ಈಗ ಹುಡುಗರೇ ಎಣಿಸುತ್ತಾರೆ, ಅವರ ಮನಸ್ಸು ಹಗುರಾಗಲಿ ಎಂದಾದರೂ ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರೆ ನಿನ್ನ ಮೇಲೆ ಬೇಜಾರು ಮಾಡ್ಕೋತಿದ್ರು. ಜಯಣ್ಣನ ಹತ್ರ ಹೇಳ್ತಿದ್ರು. ಆಮೇಲೆ ನಾವು ನಾಲ್ಕೇ ಜನ ಆಗ್ತಿದ್ವಿ."

"ನಿಂಗೆ ಬೇಜಾರಾಗ್ಲಿಲ್ವಾ?"

ಅವಳು ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸರಿಯಾಗಿ ಕೂಡುವಂತೆ ಮೇಜಿಗೆ ತಟ್ಟಿದಳು. "ಆಯ್ತು" ಎಂದಳು. "ಅಷ್ಟು ದೂರ ಕೂಗ್ತಾ ಬಂದಿದ್ನಲ್ಲ ಮಾರಾಯ್ತಿ. ನಾನು ಬರ್ತೀನಿ ಅಂತ ನಿಂಗೆ ಅನ್ನಿಸ್ಲೇ ಇಲ್ವಲ್ಲ."

ಸಂಜೆ ರಾಘಣ್ಣ ಬಂದ ಮೇಲೆ ನಾನೇ ಹೇಳುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ, ಕಾಫಿಗೆ ಹಾಲಿಡಲು ಒಳಗೆ ಹೋದಳು. ಅಡಿಗೆಮನೆಯಿಂದ ಅವಳ ಕೆಮ್ಮು ಕೇಳಿಸಿತು. ಇಷ್ಟು ದಿನ ಒಂಟಿ ಎಂದು ನಾನು ಮರುಗುತ್ತಿದ್ದದ್ದು ನನ್ನೊಬ್ಬಳ ಬಗ್ಗೆ. ಅದೇ ಹತ್ತು ತಿಂಗಳು ಅವಳು ಗಂಡನಿಗೂ ಹೇಳಲಾಗದ್ದನ್ನು ಎದೆಯಲ್ಲಿಟ್ಟುಕೊಂಡು ಒಬ್ಬಳೇ ಇದ್ದಳು, ಒಂದು ಭಾನುವಾರವೂ ತಪ್ಪಿಸದೆ ಫೋನು ಮಾಡಿ ನನ್ನ ಊಟವಾಯಿತಾ ಎಂದು ಕೇಳುತ್ತಿದ್ದಳು.